ಉರಿಯ ಹದ

ಅಡಿಗೆ ಮಾಡಬಲ್ಲೆನೆಂಬ ಹೆಮ್ಮೆ ನನಗೆ ಐವತ್ತು ದಾಟಿದ ಮೇಲೆ ಬಂದಿತು. ಒಂದು ಬಟ್ಟಲು ಅಂಟಿನ ಮುಂದೆ ಇಳಿದುಹೋಯಿತು.

ನಮ್ಮೂರು ಘೋಡಗೇರಿ. ಕರದಂಟಿಗೆ ಹೆಸರಾದ ಗೋಕಾಕ ಇಲ್ಲಿಗೆ ದೂರವಲ್ಲ. ಬಾಣಂತಿಗೆ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲದ ಉಂಡೆ ಕಟ್ಟಿಕೊಡುವುದು ನಮ್ಮ ಕಡೆಯ ರೂಢಿ. ಮಗಳು ಹೆರಿಗೆಗೆ ಬಂದಾಗ ಆ ಕೆಲಸ ನನ್ನ ಪಾಲಿಗೆ ಬಂದಿತು. ಹೆಂಡತಿಗೆ ಕೂಸಿನ ಆರೈಕೆಯೇ ಮುಗಿಯದು. ತಾಯಿಗೆ ಕಣ್ಣು ಮಂಜಾಗಿತ್ತು.

ಅನಿಲದ ಒಲೆಯ ಉರಿಯನ್ನು ಪೂರ್ತಿ ಏರಿಸಿ, ಕಾದ ತುಪ್ಪಕ್ಕೆ ಅಂಟನ್ನೆಲ್ಲ ಒಮ್ಮೆಗೇ ಸುರಿದೆ. ಸ್ವಲ್ಪ ಹೊತ್ತಿಗೆ ಕೆಂಪಾಯಿತು. “ಆಯಿತವ್ವಾ” ಎಂದೆ. ಒಳಮನೆಯ ಹೊರಸಿನಿಂದ ಉತ್ತರ ಬಂದಿತು: “ಅರಳಿದ ಸಪ್ಪಳ ಕೇಳಲಿಲ್ಲಲ್ಲೋ. ಒಂದು ಒಡದು ನೋಡು.”

ಒಡೆದೆ. ಹೊರಗೆ ಕರಿದಿತ್ತು, ಒಳಗೆ ಗಾಜಿನ ಹರಳು.

ಅಂಟು ಮರದ ರಸ. ಅದರೊಳಗೆ ತುಸು ತೇವ ಉಳಿದಿರುತ್ತದೆ. ಕಾವು ಮೆಲ್ಲನೆ ಒಳಹೊಕ್ಕರೆ ಆ ತೇವವೇ ಆವಿಯಾಗಿ ಅದನ್ನು ಅರಳಿಸುತ್ತದೆ. ಉರಿ ಹೆಚ್ಚಾದರೆ ಒಳಗು ಕಾಯುವ ಮೊದಲೇ ಹೊರಗು ಕಪ್ಪಾಗುತ್ತದೆ. ತುಪ್ಪ ತಣ್ಣಗಿದ್ದರೆ ಅರಳುವುದೇ ಇಲ್ಲ. ಆದ್ದರಿಂದ ನಡುಉರಿ, ಹಿಡಿಹಿಡಿಯಾಗಿ ಅಂಟು.

ಅಂದು ಅವ್ವ ಹೊರಸಿನ ಮೇಲಿಂದಲೇ ಪಾಠ ಹೇಳಿದಳು. ಜೋಳದ ರೊಟ್ಟಿಗೆ ಹಂಚು ಚೆನ್ನಾಗಿ ಕಾದಿರಬೇಕು. ಇಲ್ಲವಾದರೆ ರೊಟ್ಟಿ ಉಬ್ಬದೆ ಒಣಗಿ ಚಕ್ಕಳವಾದೀತು. ಹಾಲಿಗೆ ಸಣ್ಣ ಉರಿ. ಅವಸರ ಮಾಡಿದರೆ ತಳ ಹಿಡಿಯುತ್ತದೆ. ಶೇಂಗಾ ಹುರಿಯುವಾಗಲೂ ಉರಿ ಸಣ್ಣದಿರಲಿ, ಕೈ ನಿಲ್ಲದಿರಲಿ. ಬೇಳೆ ಕುದಿಯುವ ತನಕ ದೊಡ್ಡ ಉರಿ, ಕುದಿ ಬಂದ ಮೇಲೆ ಸಣ್ಣದು. ಈ ಕೊನೆಯ ಮಾತಿನ ಕಾರಣ ಶಾಲೆಯ ಪುಸ್ತಕದಲ್ಲಿ ನಾನು ಓದಿದ್ದೇ: ತೆರೆದ ಪಾತ್ರೆಯಲ್ಲಿ ಕುದಿಯುವ ನೀರು, ಕೆಳಗೆ ಎಷ್ಟೇ ಉರಿಸಿದರೂ, ಸುಮಾರು 100 ಡಿಗ್ರಿಯನ್ನು ಮೀರದು. ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಹೋಗುತ್ತದೆ. ಕುಕ್ಕರು ಮುಚ್ಚಿದ ಹಬೆಯ ಒತ್ತಡದಿಂದ 120ರ ಸಮೀಪ ಏರುತ್ತದೆ. ಅಲ್ಲಿಯೂ ಸೀಟಿಯಾದ ಮೇಲೆ ಉರಿ ತಗ್ಗಿಸಿದರೆ ನಡೆಯುತ್ತದೆ. ಓದಿದ್ದು ನಾನು; ಬಳಸಿದ್ದು ಅವ್ವ.

ಅವಳ ಮಣ್ಣಿನ ಒಲೆಗೆ ತಿರುಪು ಇರಲಿಲ್ಲ. ಕಟ್ಟಿಗೆಯನ್ನು ಹಿಂದಕ್ಕೆಳೆದರೆ ಸಣ್ಣ ಉರಿ, ಮುಂದಕ್ಕೆ ನೂಕಿದರೆ ದೊಡ್ಡದು. ಹಾಲಿಗೆ ಕೋಡೊಲೆ, ರೊಟ್ಟಿ ಉಬ್ಬಿಸಲು ಕೆಂಡ. ಆ ಒಲೆ ಮತ್ತೆ ಬರಲೆಂದು ನಾನು ಬಯಸುವುದಿಲ್ಲ. ಅದರ ಹೊಗೆಯಲ್ಲಿ ಅವಳ ಕಣ್ಣು ಎಷ್ಟು ನೀರು ಸುರಿಸಿದೆಯೆಂಬುದನ್ನು ಕಂಡವನು ನಾನು. ಹೊಗೆ ಹೋದದ್ದು ಒಳಿತೇ ಆಯಿತು. ಆದರೆ ಹದವನ್ನು ತಿರುಪಿನೊಡನೆ ಯಾರೂ ಮಾರುವುದಿಲ್ಲ.

ಎರಡನೆಯ ಸುತ್ತಿಗೆ ಉರಿ ತಗ್ಗಿಸಿ, ಒಂದು ಹಿಡಿ ಅಂಟು ಬಿಟ್ಟೆ. ಚಟಚಟ ಸಪ್ಪಳವಾಯಿತು. ನಾನು ಬಾಣಲೆ ನೋಡುತ್ತಿದ್ದೆ, ಅವಳು ಕೇಳುತ್ತಿದ್ದಳು. ಸಪ್ಪಳ ಅಡಗಿದೊಡನೆ “ಈಗ ತಗಿ” ಎಂದಳು. ಬೆರಳ ನಡುವೆ ಒತ್ತಿದರೆ ಅಂಟು ಹಿಟ್ಟಾಯಿತು. ಇಷ್ಟು ದಿನ ಸುಮ್ಮನೆ ಕುಳಿತಿದ್ದಾಳೆಂದು ನಾವು ತಿಳಿದಿದ್ದ ಅವ್ವ ಮನೆಯ ಒಲೆಯನ್ನು ಕಾಯುತ್ತಲೇ ಇದ್ದಳು.

ಆ ಅಂಟಿನ ಉಂಡೆಯನ್ನು ಮಗಳು ತಿಂದಳು. ಮೊದಲ ಸುತ್ತಿನದನ್ನು ಚೆಲ್ಲಲು ಮನಸ್ಸಾಗದೆ ನಾನೇ ತಿಂದೆ. ನನ್ನ ಒಂದು ದವಡೆಹಲ್ಲು ಅದನ್ನಿನ್ನೂ ಮರೆತಿಲ್ಲ.