ಪ್ರವಾಸಿಗರು ಬರುತ್ತಾರೆ, ಹಣ ಯಾರ ಕೈ ಸೇರುತ್ತದೆ?

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಇತ್ತೀಚೆಗೆ ನಾವು ಯಾವ ಸಂಘದ ವಾರದ ಸಭೆಗೆ ಹೋದರೂ ಉಳಿತಾಯದ ಲೆಕ್ಕ ಮುಗಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ಸಿಸ್ಟರ್, ಹೋಂ ಸ್ಟೇ ಮಾಡ್ಲಿಕ್ಕೆ ಸಾಲ ಸಿಗ್ತದಾ?" ಸಹಜವಾದ ಪ್ರಶ್ನೆಯೇ. ಶನಿವಾರ ಬಂತೆಂದರೆ ಮಲೆನಾಡಿನ ರಸ್ತೆಗಳಲ್ಲಿ ಕಾರುಗಳ ಸಾಲು. ಪಕ್ಕದ ಮನೆಯವರು ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುವಾಗ ನಾವು ಮಾತ್ರ ಯಾಕೆ ಸುಮ್ಮನಿರಬೇಕು ಎಂದು ಅನಿಸುತ್ತದೆ. ಆದರೆ ಸಾಲದ ಮಾತಿಗಿಂತ ಮುಂಚೆ ಬೇರೆ ಒಂದು ಲೆಕ್ಕ ಹಾಕಿ ನೋಡೋಣ.

ನಮ್ಮೂರಿಗೆ ಬಂದ ಒಂದು ಕುಟುಂಬ ಎರಡು ದಿನ ಉಳಿದು ಹಣ ಖರ್ಚು ಮಾಡಿತು ಅಂತ ಇಟ್ಟುಕೊಳ್ಳಿ. ರೆಸಾರ್ಟ್ ಯಜಮಾನರು ಇರುವುದು ಪಟ್ಟಣದಲ್ಲಿ. ಅಡುಗೆಯವರು ಹೊರಗಿನವರು. ತರಕಾರಿ, ಕೋಳಿ ದೂರದ ಮಾರುಕಟ್ಟೆಯಿಂದ ವ್ಯಾನಿನಲ್ಲಿ ಬರುತ್ತದೆ. ನೀರಿನ ಬಾಟಲಿ ಕಂಪನಿಯದ್ದು. ಊರಿಗೆ ಉಳಿದದ್ದು ಏನು? ಕಸ ಗುಡಿಸಿದ, ಬಟ್ಟೆ ಒಗೆದ ನಮ್ಮ ಒಬ್ಬಿಬ್ಬರು ಸಹೋದರಿಯರ ದಿನಗೂಲಿ, ಮತ್ತೆ ಖಾಲಿ ಬಾಟಲಿಗಳು. ಅರ್ಥಶಾಸ್ತ್ರದವರು ಇದಕ್ಕೆ ಸೋರಿಕೆ ಎನ್ನುತ್ತಾರೆ. ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಇನ್ನಷ್ಟು ಪ್ರವಾಸಿಗರು ಬಂದರೆ ತೂತು ಮುಚ್ಚುವುದಿಲ್ಲ ತಾನೇ?

ಇದನ್ನು ಹೇಗೆ ಮುಚ್ಚಬಹುದು ಎನ್ನುವುದಕ್ಕೆ ನೆರೆಯ ಕೇರಳದಲ್ಲಿ ಒಂದು ಉದಾಹರಣೆ ಇದೆ. ಕೊಟ್ಟಾಯಂ ಜಿಲ್ಲೆಯ ಕುಮರಕೋಂ, ವೇಂಬನಾಡು ಕೆರೆಯ ದಂಡೆಯ ಊರು. ಹಕ್ಕಿಧಾಮ, ಹೌಸ್‌ಬೋಟ್, ದೊಡ್ಡ ದೊಡ್ಡ ಹೋಟೆಲುಗಳು ಎಲ್ಲಾ ಇವೆ. ಆದರೂ ಮೀನು ಹಿಡಿಯುವವರಿಗೆ, ಗದ್ದೆ ಕೆಲಸದವರಿಗೆ ಅದರಿಂದ ಪ್ರಯೋಜನ ಕಡಿಮೆಯಾಗಿತ್ತು. ಕೆರೆ ಹೊಲಸಾಯಿತು, ದಂಡೆಗೆ ಹೋಗುವ ದಾರಿ ಮುಚ್ಚಿತು ಎಂಬ ಸಿಟ್ಟೂ ಇತ್ತು. ಕೇರಳ ಸರಕಾರ 2008ರಲ್ಲಿ ಕೋವಳಂ, ತೇಕ್ಕಡಿ, ವಯನಾಡು ಮತ್ತು ಕುಮರಕೋಂ ಈ ನಾಲ್ಕು ಕಡೆ 'ಜವಾಬ್ದಾರಿಯುತ ಪ್ರವಾಸೋದ್ಯಮ' ಎಂಬ ಪ್ರಯೋಗ ಆರಂಭಿಸಿತು. ನಾಲ್ಕರಲ್ಲಿ ಬೇಗ ಬೇರೂರಿದ್ದು ಕುಮರಕೋಂನಲ್ಲಿ. ಅದಕ್ಕೆ ಕಾರಣ ಹೋಟೆಲಿನವರ ಒಳ್ಳೆಯ ಮನಸ್ಸು ಮಾತ್ರ ಅಂತ ನಾವು ತಿಳಿಯಬಾರದು. ಅಲ್ಲಿನ ಪಂಚಾಯತಿ ಮುಂದೆ ನಿಂತಿತು. ಅಲ್ಲಿ ಕುಟುಂಬಶ್ರೀ ಸಂಘಗಳು ಮೊದಲೇ ಗಟ್ಟಿಯಾಗಿದ್ದವು. ಕುಟುಂಬಶ್ರೀ ಎಂದರೆ 1998ರಲ್ಲಿ ಅಲ್ಲಿ ಆರಂಭವಾದ, ನಮ್ಮ ಸಂಘಗಳಂಥದ್ದೇ ಮಹಿಳಾ ಸಂಘಗಳ ಜಾಲ.

ಅವರು ಮಾಡಿದ್ದೇನು? ಹೋಟೆಲಿನ ಅಡುಗೆಮನೆಗೆ ಏನೇನು ಬೇಕು ಎಂದು ಕೇಳಿ ಪಟ್ಟಿ ಮಾಡಿದರು. ತರಕಾರಿ, ಹಾಲು, ಮೊಟ್ಟೆ, ಮೀನು, ತೆಂಗಿನಕಾಯಿ, ಬಾಳೆಎಲೆ. ಇದರಲ್ಲಿ ನಮ್ಮೂರಲ್ಲಿ ಬೆಳೆಯುವುದು ಯಾವುದು, ಯಾವ ತಿಂಗಳಲ್ಲಿ ಎಂದು ಬೆಳೆ ಕ್ಯಾಲೆಂಡರ್ ಬರೆದರು. ಮಹಿಳೆಯರು ಗುಂಪಾಗಿ ಪಾಳುಬಿದ್ದ ಜಾಗದಲ್ಲೂ ಬೇಸಾಯ ಹಿಡಿದರು. ಬೆಲೆ ನಿಗದಿಗೆ ಒಂದು ಸಮಿತಿ, ಗುಣಮಟ್ಟ ನೋಡಲು ಇನ್ನೊಂದು ಸಮಿತಿ ಮಾಡಿದರು. ಸಾಮಾನು ಒಟ್ಟುಗೂಡಿಸಿ ಹೋಟೆಲಿಗೆ ಮುಟ್ಟಿಸಲು ಸಮೃದ್ಧಿ ಎಂಬ ಗುಂಪನ್ನು ಕಟ್ಟಿದರು.

ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಒಬ್ಬೊಬ್ಬರೇ ಬುಟ್ಟಿ ಹೊತ್ತು ಹೋಟೆಲಿನ ಬಾಗಿಲಿಗೆ ಹೋದರೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಇವತ್ತು ಬೇಡ ಎನ್ನುತ್ತಾರೆ, ನಾಳೆ ಅರ್ಧ ಬೆಲೆಗೆ ಕೇಳುತ್ತಾರೆ, ದುಡ್ಡು ತಿಂಗಳು ಕಳೆದು ಬನ್ನಿ ಎನ್ನುತ್ತಾರೆ. ಇನ್ನೊಂದು ಕಡೆ ಹೋಟೆಲಿನವರ ಕಷ್ಟವೂ ಸುಳ್ಳಲ್ಲ. ಅವರಿಗೆ ದಿನಾ ಬೇಕು, ಒಂದೇ ಅಳತೆಯದ್ದು ಬೇಕು, ಬೆಳಿಗ್ಗೆ ಇಂತಿಷ್ಟು ಗಂಟೆಗೆ ಬೇಕು. ನಮ್ಮ ಮನೆಯಲ್ಲಿ ಹಬ್ಬ, ಮದುವೆ ಅಂತ ಒಂದು ದಿನ ತಪ್ಪಿದರೆ ಅವರು ಪುನಃ ಪಟ್ಟಣದ ವ್ಯಾನಿಗೇ ಫೋನು ಮಾಡುತ್ತಾರೆ. ನಡುವೆ ಸಂಘ ಇದ್ದರೆ ಒಬ್ಬಳದ್ದು ತಪ್ಪಿದಾಗ ಇನ್ನೊಬ್ಬಳದ್ದು ಹೋಗುತ್ತದೆ. ಬೆಲೆಯ ಮಾತನ್ನೂ ಸಂಘವೇ ಆಡುತ್ತದೆ.

ಕುಮರಕೋಂನವರು ಅಲ್ಲಿಗೇ ನಿಲ್ಲಲಿಲ್ಲ. ತೆಂಗಿನ ನಾರಿನ ಹಗ್ಗ ಹೊಸೆಯುವುದು, ಗರಿ ಹೆಣೆಯುವುದು, ಕೇದಗೆ ಓಲೆಯ ಚಾಪೆ, ಬಲೆ ಬೀಸುವುದು - ಇವನ್ನು ನೋಡಲು ಪ್ರವಾಸಿಗರು ದುಡ್ಡು ಕೊಟ್ಟು ಮನೆಯಂಗಳಕ್ಕೆ ಬರುವಂತೆ ಮಾಡಿದರು. ಈ ಕೆಲಸಕ್ಕೆ 2013ನೇ ಸಾಲಿನಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಪ್ರಶಸ್ತಿಯೂ ಬಂತು. 2017ರಲ್ಲಿ ಸರಕಾರ ಇದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿ ಪ್ರತ್ಯೇಕ ಮಿಷನ್ ಮಾಡಿತು. ಎಲ್ಲಾ ಸರಿಹೋಯಿತು ಅಂತಲ್ಲ, ವೇಂಬನಾಡು ಕೆರೆಯ ಮಾಲಿನ್ಯದ ದೂರು ಈಗಲೂ ಇದೆ. ಆದರೆ ಹೋಟೆಲಿನೊಂದಿಗೆ ಕುಳಿತು ಬೆಲೆ ಮಾತಾಡುವ ಸ್ಥಾನ ಮಹಿಳೆಯರಿಗೆ ಸಿಕ್ಕಿತು. ನಮ್ಮ ದೃಷ್ಟಿಯಲ್ಲಿ ಪ್ರಶಸ್ತಿಗಿಂತ ಅದು ದೊಡ್ಡದು.

ಇನ್ನು ಹೋಂ ಸ್ಟೇ ವಿಷಯ. ಲಡಾಖಿನ ಹಳ್ಳಿಗಳಲ್ಲಿ ಹಿಮಚಿರತೆ ಕುರಿ ಹಿಡಿಯುತ್ತದೆಂದು ಜನ ಅದನ್ನು ಕೊಲ್ಲುತ್ತಿದ್ದರು. ಚಿರತೆಯಿಂದಲೇ ಮನೆಗೆ ಆದಾಯ ಬರಲಿ ಎಂದು ಅಲ್ಲಿ ಹೋಂ ಸ್ಟೇ ಆರಂಭಿಸಿದರು. ನಡೆಸುವವರು ಹೆಚ್ಚಾಗಿ ಮನೆಯ ಹೆಂಗಸರೇ. ಅಲ್ಲಿ ಅತಿಥಿಗಳನ್ನು ಸರದಿಯ ಪ್ರಕಾರ ಮನೆಮನೆಗೆ ಹಂಚುತ್ತಾರೆ. ರಸ್ತೆ ಬದಿಯ ಮನೆಗೆ ಮಾತ್ರ ಲಾಭ, ಒಳಗಿನ ಮನೆಗೆ ಇಲ್ಲ ಎಂದಾಗುವುದಿಲ್ಲ. ಆದಾಯದ ಒಂದು ಪಾಲು ಊರಿನ ನಿಧಿಗೆ ಹೋಗುತ್ತದೆ. ನಮ್ಮ ಆಂತರಿಕ ಸಾಲವೂ ಸರದಿಯ ಮೇಲೆಯೇ ನಡೆಯುವುದಲ್ವೇ? ಹಾಗಾಗಿ ಈ ಕ್ರಮ ನಮಗೆ ಹೊಸತೇನಲ್ಲ.

ಮನೆಯಲ್ಲಿ ಅತಿಥಿ ಇದ್ದರೆ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನೂ ಬಿಚ್ಚಿ ಮಾತಾಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿ ರೊಟ್ಟಿ ಸುಡುವವಳು ನೀವು, ಫೋನಿನಲ್ಲಿ ಬುಕಿಂಗ್ ಹಿಡಿದು ಹಣ ಎಣಿಸುವವರು ಮನೆಯ ಗಂಡಸರು ಎಂದಾದರೆ ಅದಕ್ಕೆ ಸಬಲೀಕರಣ ಎಂಬ ಹೆಸರು ಬೇಡ. ನೋಂದಣಿಯಲ್ಲಿ, ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರೂ ಇರಲಿ. ಬೆಳೆದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅಪರಿಚಿತರು ರಾತ್ರಿ ಉಳಿಯುತ್ತಾರೆ. ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯುವುದು, ಅತಿಥಿಗಳ ಕೋಣೆಗೆ ಬೇರೆ ಬಾಗಿಲು ಇಡುವುದು, ಕುಡಿದು ಗಲಾಟೆ ಮಾಡುವವರಿಗೆ ಜಾಗ ಇಲ್ಲ ಎಂದು ಮೊದಲೇ ಹೇಳುವುದು - ಇದರಲ್ಲಿ ನಾಚಿಕೆ ಪಡಬೇಕಾದ್ದಿಲ್ಲ.

ನೀರು, ಗುಡ್ಡದ ಮಾತು ಬಿಡುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನಾವೆಲ್ಲಾ ನೋಡಿದ್ದೇವೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಒಂದೇ ರಾತ್ರಿಯಲ್ಲಿ ನೂರಾರು ಜನ ಹೋದರು. ಸುರಿದ ಮಳೆ ವಿಪರೀತ, ನಿಜ. ಆದರೆ ಕೊಡಗಿನಲ್ಲಿ ಇಳಿಜಾರನ್ನು ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಗುಡ್ಡ ಸಮತಟ್ಟು ಮಾಡಿ ಕೋಣೆ ಕಟ್ಟುವ ಯೋಜನೆಗೆ ಸಂಘದಿಂದ ಸಾಲ ಕೇಳಿದರೆ ಬೇಡ ಎನ್ನುವ ಧೈರ್ಯ ನಮಗಿರಬೇಕು. ಊರಿಗೆ ಎಷ್ಟು ವಾಹನ ತಾಳುತ್ತದೆ ಎಂಬುದಕ್ಕೂ ಮಿತಿ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. ಕೋರ್ಟು ಹೇಳುವ ತನಕ ಕಾಯುವುದಕ್ಕಿಂತ ಗ್ರಾಮ ಸಭೆಯಲ್ಲಿ ನಾವೇ ಎದ್ದು ಕೇಳಬಹುದು: ಬೇಸಿಗೆಯಲ್ಲಿ ಊರ ಬಾವಿ ಬತ್ತಿದಾಗ ರೆಸಾರ್ಟಿನ ಬೋರ್‌ವೆಲ್ ಎಷ್ಟು ನೀರೆತ್ತುತ್ತದೆ? ಅವರ ಕಸ ಎಲ್ಲಿಗೆ ಹೋಗುತ್ತದೆ? 2010ರಿಂದ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಿಮ್ಮಲ್ಲೇ ಕೆಲವರು ಸದಸ್ಯರಾಗಿದ್ದೀರಿ, ಪ್ರಶ್ನೆ ನಿಮ್ಮಿಂದಲೇ ಬರಲಿ.

ಸಾಲದ ಪ್ರಶ್ನೆಗೆ ಈಗ ಬರೋಣ. ನಮ್ಮ ಅಭಿಪ್ರಾಯ ಇಷ್ಟೇ: ಮೊದಲು ಕೋಣೆ ಕಟ್ಟಬೇಡಿ, ಮೊದಲು ಸರಬರಾಜು ಮಾಡಿ. ಮಳೆಗಾಲದಲ್ಲಿ ರಸ್ತೆ ಮುಚ್ಚಿದರೂ, 2020ರಲ್ಲಿ ಕೊರೋನಾ ಬಂದ ಹಾಗೆ ಆದರೂ, ಕಟ್ಟಿದ ಕೋಣೆಯ ಕಂತು ನಿಲ್ಲುವುದಿಲ್ಲ. ಬೆಳೆದ ಬಸಳೆ, ಹಾಕಿದ ಮಿಡಿ ಉಪ್ಪಿನಕಾಯಿ, ಕಾಳುಮೆಣಸು, ಜೇನು ಪ್ರವಾಸಿಗರಿಲ್ಲದಿದ್ದರೂ ಮಾರಾಟವಾಗುತ್ತದೆ, ಇಲ್ಲವೇ ಮನೆಗೆ ಆಗುತ್ತದೆ. ತಿಂಡಿ, ಉಪ್ಪಿನಕಾಯಿ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು. ಅರ್ಜಿ ತುಂಬಲು ನಮ್ಮ ಕಾರ್ಯಕರ್ತೆಯರು ಸಹಾಯ ಮಾಡುತ್ತಾರೆ.

ಮುಂದಿನ ಒಕ್ಕೂಟ ಸಭೆಗೆ ಬರುವಾಗ ಪ್ರತಿ ಸಂಘದವರು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದು ತನ್ನಿ. ನಿಮ್ಮ ಹತ್ತಿರದ ಹೋಟೆಲ್, ಹೋಂ ಸ್ಟೇಗಳು ವಾರಕ್ಕೆ ಏನೇನು, ಎಷ್ಟೆಷ್ಟು ಕೊಳ್ಳುತ್ತವೆ ಎಂಬುದು ಒಂದು. ನಿಮ್ಮ ಸದಸ್ಯೆಯರ ಹಿತ್ತಲಲ್ಲಿ ಯಾವ ತಿಂಗಳು ಏನು ಸಿಗುತ್ತದೆ ಎಂಬುದು ಇನ್ನೊಂದು. ಓದು ಬರಹ ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಅಂದು ಬೆಲೆಯ ಮಾತು ಆರಂಭಿಸೋಣ.