ಮಳಖೇಡದ ನಮ್ಮ ಅಜ್ಜಿ

ಮಳಖೇಡವೆಂದೊಡನೆ ಕನ್ನಡಿಗರಿಗೆ ನೃಪತುಂಗನ ನೆನಪಾಗುವುದು ಸಹಜ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದು ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಊರು. ‘ಕವಿರಾಜಮಾರ್ಗ’ ರೂಪುಗೊಂಡದ್ದು ಒಂಬತ್ತನೆಯ ಶತಮಾನದಲ್ಲಿ, ಆ ಅರಸನ ಆಸ್ಥಾನದಲ್ಲಿ. ಮಾಧ್ವ ಸಂಪ್ರದಾಯದವರಿಗೆ ಇದು ಇನ್ನೊಂದು ಕಾರಣದಿಂದ ಪುಣ್ಯಕ್ಷೇತ್ರ. ಹದಿನಾಲ್ಕನೆಯ ಶತಮಾನದ ಯತಿಗಳೂ ‘ನ್ಯಾಯಸುಧಾ’ ಗ್ರಂಥದ ಕರ್ತೃಗಳೂ ಆದ ಜಯತೀರ್ಥರನ್ನು, ಅಂದರೆ ಟೀಕಾಚಾರ್ಯರನ್ನು, ಭಕ್ತರು ಇಲ್ಲಿಯ ಬೃಂದಾವನದಲ್ಲಿ ಸೇವಿಸುತ್ತಾರೆ. ಆಷಾಢ ಬಹುಳ ಪಂಚಮಿಯ ಆರಾಧನೆಗೆ ದೂರದೂರದಿಂದ ಜನ ಬಂದು ಸೇರುತ್ತಾರೆ.

ಅರಸರ ಚರಿತ್ರೆಗೆ ಶಾಸನಗಳಿವೆ. ಯತಿಗಳ ಚರಿತ್ರೆಗೆ ಗ್ರಂಥಗಳಿವೆ. ನಾನು ಈಗ ಹೇಳಹೊರಟಿರುವುದು ಇವೆರಡೂ ಇಲ್ಲದ ಒಬ್ಬ ಹೆಣ್ಣುಮಗಳ ವಿಚಾರ. ಅವರು ನನ್ನ ತಂದೆಯ ತಾಯಿ. ಬದುಕಿನ ಸುಮಾರು ಎಪ್ಪತ್ತೈದು ವರ್ಷಗಳನ್ನು ಈ ಊರಿನಲ್ಲಿ ಕಳೆದವರು.

ಅಜ್ಜಿಗೆ ತಮ್ಮ ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿ ಮೂಸಿ ನದಿಗೆ ಮಹಾಪೂರ ಬಂದ ವರ್ಷ ತಮ್ಮ ಲಗ್ನವಾಯಿತೆಂದೂ ಆಗ ತಮಗೆ ಒಂಬತ್ತು ತುಂಬಿತ್ತೆಂದೂ ಹೇಳುತ್ತಿದ್ದರು. ಆ ಮಹಾಪೂರ ಬಂದದ್ದು 1908ರಲ್ಲಿ. ಚಿಂಚೋಳಿಯ ಕಡೆಯ ಹಳ್ಳಿಯೊಂದರಿಂದ ಎತ್ತಿನ ಗಾಡಿಯಲ್ಲಿ ಬಂದು, ಶಹಾಬಾದಿ ಫರಸಿ ಹಾಸಿದ ಪಡಸಾಲೆಯ ದೊಡ್ಡ ಮನೆಯನ್ನು ಸೇರಿದರು. ಎಂಟು ಮಕ್ಕಳನ್ನು ಹೆತ್ತರು, ಉಳಿದದ್ದು ನಾಲ್ಕು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಒಂದೇ ವಾರದೊಳಗೆ ಎರಡು ಕೂಸುಗಳು ತೀರಿಕೊಂಡವು. ಆ ವಾರದ ಮಾತನ್ನು ಅವರು ಎಂದೂ ಆಡುತ್ತಿರಲಿಲ್ಲ. ಆದರೆ ಮೊಮ್ಮಕ್ಕಳಲ್ಲಿ ಯಾರಿಗಾದರೂ ಮೈ ಬೆಚ್ಚಗಾಯಿತೆಂದರೆ ಆ ರಾತ್ರಿ ಅವರು ಮಲಗುತ್ತಿರಲಿಲ್ಲ.

ಅವರ ದಿನಚರಿ ಬೆಳಗಿನ ಜಾವದಲ್ಲಿ ಕಾಗಿಣಾ ನದಿಯ ಸ್ನಾನದಿಂದ ಆರಂಭವಾಗುತ್ತಿತ್ತು. ಅನಂತರ ಬೃಂದಾವನದ ಪ್ರದಕ್ಷಿಣೆ, ತುಳಸಿಯ ಪೂಜೆ, ಮಡಿಯ ಅಡಿಗೆ. ಏಕಾದಶಿಯ ಉಪವಾಸ ಎಂದೂ ತಪ್ಪಲಿಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ಕೊನೆಯದರಲ್ಲಿ ಬೇಳೆಯಿಲ್ಲ. ತೊಗರಿ ಬೆಳೆಯುವ ಈ ಸೀಮೆಯಲ್ಲಿ ಒಂದು ತಿಂಗಳು ತೊಗರಿಬೇಳೆಯಿಲ್ಲದೆ ಹತ್ತು ಜನರಿಗೆ ರುಚಿಯಾಗಿ ಉಣಬಡಿಸುವುದು ಸಾಮಾನ್ಯ ಮಾತಲ್ಲ. ಮಧ್ಯಾಹ್ನದ ವಿರಾಮದಲ್ಲಿ ಹತ್ತಿಯಿಂದ ಹೂಬತ್ತಿ ಮಾಡುತ್ತ, ನೂರಾದಾಗ ಒಂದು ಹುಣಸೆಬೀಜವನ್ನು ಪಕ್ಕಕ್ಕೆ ಇಡುತ್ತಿದ್ದರು. ಲಕ್ಷಬತ್ತಿಯ ಲೆಕ್ಕ ಹೀಗೆ ಬೀಜಗಳಲ್ಲಿ ನಡೆಯುತ್ತಿತ್ತು. ಏಕೆಂದರೆ ಅವರಿಗೆ ಓದುಬರಹ ಬರುತ್ತಿರಲಿಲ್ಲ.

ಓದು ಬಾರದಿದ್ದರೂ ಅವರಿಗೆ ನೂರಾರು ಹಾಡುಗಳು ಬಾಯಿಗೆ ಬರುತ್ತಿದ್ದವು. ದಾಸರ ಪದಗಳು, ಲಗ್ನದ ಹಾಡುಗಳು, ಬೀಸುವ ಪದಗಳು ಎಲ್ಲವೂ ಅದರಲ್ಲಿದ್ದವು. ಮನೆಯಲ್ಲಿ ಕೂಸು ಹುಟ್ಟಿದಾಗ ಅದರ ಹೆಸರನ್ನು ಸೇರಿಸಿ ಹೊಸದೊಂದು ಜೋಗುಳವನ್ನು ತಾವೇ ಕಟ್ಟಿ ಹಾಡುತ್ತಿದ್ದರು. ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂಬ ಅಭಿಪ್ರಾಯ ‘ಕವಿರಾಜಮಾರ್ಗ’ದಲ್ಲಿದೆ. ಅದನ್ನು ಕಾಲೇಜಿನಲ್ಲಿ ಓದಿದಾಗ, ಬೀಸುವ ಕಲ್ಲಿನ ಮುಂದೆ ಕುಳಿತ ಅಜ್ಜಿ ನನ್ನ ಕಣ್ಣಮುಂದೆ ಬಂದರು.

ಟೀಕಾಚಾರ್ಯರ ಪೂರ್ವಾಶ್ರಮದ ಐತಿಹ್ಯವನ್ನು ಅವರು ನಮಗೆ ಎಷ್ಟೋ ಸಲ ಹೇಳಿದ್ದರು. ಕುದುರೆಯ ಮೇಲಿಂದಲೇ ಬಾಗಿ ನದಿಯ ನೀರು ಕುಡಿದ ತರುಣನನ್ನು ಅಕ್ಷೋಭ್ಯತೀರ್ಥರು ಕಂಡದ್ದು, ಅವನು ಅವರಲ್ಲಿ ಸನ್ಯಾಸ ಪಡೆದದ್ದು, ತಂದೆ ಸಿಟ್ಟಿನಿಂದ ಮಗನನ್ನು ಮನೆಗೆ ಕರೆದೊಯ್ದದ್ದು, ಹೆಂಡತಿಯಾಗಿ ಬಂದ ಹುಡುಗಿ ರಾತ್ರಿ ಕೋಣೆಯಲ್ಲಿ ಪತಿಯ ಬದಲು ಸರ್ಪವನ್ನು ಕಂಡು ಚೀರಿದ್ದು, ಕೊನೆಗೆ ತಂದೆ ಮಗನನ್ನು ಗುರುಗಳಿಗೇ ಒಪ್ಪಿಸಿದ್ದು. ಕತೆ ಎಲ್ಲರೂ ಹೇಳುವಂಥದೇ. ಆದರೆ ಉಳಿದವರ ಕತೆ ಮುಗಿಯುವಲ್ಲಿ ಅಜ್ಜಿಯ ಕತೆ ಮುಗಿಯುತ್ತಿರಲಿಲ್ಲ.

“ಅವರು ದೊಡ್ಡವರಾದರು, ಗ್ರಂಥಾ ಬರದರು, ಖರೆ. ಆ ಹುಡುಗಿ ಮುಂದ ಏನಾತು ಅಂತ ಯಾರರೆ ಕೇಳ್ಯಾರೇನು?” ಎನ್ನುತ್ತಿದ್ದರು. ಗುರುಗಳ ಮೇಲಿನ ಭಕ್ತಿಗೆ ಆ ಪ್ರಶ್ನೆಯಿಂದ ಕುಂದು ಬಂತೆಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಮರುದಿನ ಬೆಳಿಗ್ಗೆ ಅದೇ ಬೃಂದಾವನಕ್ಕೆ ಅದೇ ಪ್ರದಕ್ಷಿಣೆ.

ಆ ಪ್ರಶ್ನೆ ಅವರ ಮನಸ್ಸಿನಲ್ಲಿ ಏಕೆ ಬೇರೂರಿತ್ತೆಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾಯಿದೆ 1929ರಲ್ಲಿ ಬಂದಿತ್ತು. ನಿಜಾಮರ ಸಂಸ್ಥಾನಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ನನ್ನ ಸೋದರತ್ತೆಗೆ 1937ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಲಗ್ನವಾಯಿತು. 1941ರಲ್ಲಿ ಆಕೆ ಗಂಡನನ್ನು ಕಳೆದುಕೊಂಡು ತೌರಿಗೆ ಮರಳಿದರು. ಅಂದಿನ ರೂಢಿಯಂತೆ ಕೇಶಮುಂಡನ ಮಾಡಿಸಬೇಕೆಂದು ಬಂಧುಗಳು ಪಟ್ಟುಹಿಡಿದರು. ಅಜ್ಜ ಮಾತಾಡಲಾರದೆ ಕುಳಿತರು. ಮನೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಮಡಿ ನಡೆಸುತ್ತಿದ್ದ ಅಜ್ಜಿ ಒಪ್ಪಿಯೇ ಒಪ್ಪುತ್ತಾರೆಂದು ಬಂದವರು ಭಾವಿಸಿದ್ದರು. ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಪಾಪ ಬರತದಂದ್ರ ನನಗ ಬರಲಿ. ಹುಡುಗಿ ಕೂದಲಕ್ಕ ಯಾರೂ ಕೈ ಹಚ್ಚಬಾರದ್ರಿ” ಎಂದರು. ಬಂಧುಗಳಲ್ಲಿ ಕೆಲವರು ಏಳೆಂಟು ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ಕೂಡಲಿಲ್ಲ. ಹಬ್ಬದ ದಿನಗಳಲ್ಲಿ ಬರಿದಾಗಿ ಉಳಿಯುತ್ತಿದ್ದ ಮಣೆಗಳನ್ನು ಅಜ್ಜಿ ಎತ್ತಿಡುತ್ತಿರಲಿಲ್ಲವೆಂದು ನನ್ನ ತಂದೆ ನೆನೆಯುತ್ತಿದ್ದರು.

ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಬಂಗಾರದ ಪಾಟಲಿಗಳನ್ನು ಮಾರಿ, ಬಂದ ಹಾಲಿ ಸಿಕ್ಕಾ ರೂಪಾಯಿಗಳನ್ನು ಅಜ್ಜನ ಕೈಯಲ್ಲಿಟ್ಟು, ಮಗಳನ್ನು ಕಲಬುರಗಿಯ ಆಪ್ತರ ಮನೆಗೆ ಓದಲು ಕಳಿಸಿದರು. ಅಂದು ಸರ್ಕಾರದ ಭಾಷೆ ಉರ್ದು. ಕನ್ನಡದಲ್ಲಿ ಕಲಿಯುವುದೇ ಕಷ್ಟವಾಗಿದ್ದ ಕಾಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಕನ್ನಡ ಶಾಲೆಗಳು ಹೆಚ್ಚಿದವು, ಶಿಕ್ಷಕಿಯರು ಬೇಕಾದರು. ಅತ್ತೆ ಶಿಕ್ಷಕಿಯಾದರು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರ ತರಗತಿಯಲ್ಲಿ ಕುಳಿತ ಹುಡುಗಿಯರಲ್ಲಿ ಹಲವರು ತಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಕ್ಕಳು.

ಇಷ್ಟು ಕೇಳಿ ಅಜ್ಜಿಯನ್ನು ಸುಧಾರಕಿಯೆಂದು ಕರೆಯಬೇಕೆನಿಸಬಹುದು. ಅವರು ಹಾಗಿರಲಿಲ್ಲ. 1952ರಲ್ಲಿ ಅಜ್ಜ ತೀರಿಕೊಂಡಾಗ, ಮಕ್ಕಳೆಲ್ಲ ಬೇಡವೆಂದರೂ ಕೇಳದೆ, ತಾವು ಕೇಶಮುಂಡನ ಮಾಡಿಸಿಕೊಂಡು ಕೆಂಪು ಸೀರೆ ಉಟ್ಟರು. ಅತ್ತೆ ಕಾಲು ಹಿಡಿದು ಅತ್ತರಂತೆ. “ನಿನಗ ಬ್ಯಾಡ ಅಂದದ್ದು ನಿನ್ನ ಸಲುವಾಗಿ. ಇದು ನನ್ನ ಸಲುವಾಗಿ” ಎಂದು ಅಜ್ಜಿ ಹೇಳಿದರು. ಈ ಎರಡು ನಡೆಗಳನ್ನು ಹೊಂದಿಸಿ ನೋಡಲು ನಾನು ಬಹುಕಾಲ ಯತ್ನಿಸಿದ್ದೇನೆ. ತಮ್ಮ ವ್ರತದ ಭಾರವನ್ನು ತಾವೇ ಹೊರಬೇಕು, ಅದನ್ನು ಇನ್ನೊಬ್ಬರ ತಲೆಯ ಮೇಲೆ ಇಡಬಾರದು ಎಂಬುದು ಅವರ ಧರ್ಮವಾಗಿತ್ತೆಂದು ಈಗ ನನಗೆ ತೋರುತ್ತದೆ. ನಮ್ಮಲ್ಲಿ ಬಹಳ ಮಂದಿ ನಡೆದುಕೊಳ್ಳುವುದು ಇದಕ್ಕೆ ತಿರುಗಾಗಿ.

ಅಜ್ಜಿ ತೀರಿಕೊಂಡದ್ದು 1987ರ ಕಾರ್ತಿಕ ಮಾಸದಲ್ಲಿ. ಕಣ್ಣು ಮಂಜಾಗಿದ್ದರೂ ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಿದ್ದರು. ನಿವೃತ್ತರಾಗಿದ್ದ ಅತ್ತೆ ಕೊನೆಯ ಎರಡು ವರ್ಷ ಅವರ ಮಗ್ಗುಲಲ್ಲಿ ಕುಳಿತು, ಅವರಿಂದ ಹಾಡಿಸಿ, ಹಾಡುಗಳನ್ನು ಶಾಲೆಯ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡರು. ಅಂಥ ನಾಲ್ಕು ಪುಸ್ತಕಗಳು ನಮ್ಮ ಮನೆಯಲ್ಲಿವೆ. ನನ್ನ ಹೆಸರಿನ ಜೋಗುಳ ಮೂರನೆಯದರಲ್ಲಿದೆ.

ಕೇಳುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಗಳಲ್ಲಿ ಇಂಥ ಹಿರಿಯ ಜೀವಗಳಿದ್ದರೆ ಅವರ ಹತ್ತಿರ ಒಂದಷ್ಟು ಹೊತ್ತು ಕುಳಿತುಕೊಳ್ಳಿ. ಹಾಡು ಬಂದರೆ ಹಾಡು, ಕತೆ ಬಂದರೆ ಕತೆ, ಬರೆದಿಟ್ಟುಕೊಳ್ಳಿ. ಕತೆಯ ಕೊನೆಯಲ್ಲಿ ಅವರು ಏನಾದರೂ ಪ್ರಶ್ನೆ ಕೇಳಿದರೆ ಅದನ್ನೂ ಬಿಡದೆ ಬರೆದುಕೊಳ್ಳಿ.