ನಿಂತುಹೋದ ಎರಡು ಕಾರ್ಖಾನೆಗಳು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾರಿನ ವಿಷಯ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕಿರಿ. ಲೋಟ ತೊಳೆದು ಮೇಲೆ ಬಂದವನಿಗೆ ಕಾರಿನ ಗೊಡವೆ ಏಕೆಂದು ನಿಮ್ಮ ನಗು. ನನಗೆ ಕಾರು ಓಡಿಸಲು ಬಾರದು, ನಿಜ. ಆದರೆ ತಾಂಬರದ ಕಡೆ ನಾನು ಸಪ್ಲೈಯರ್ ಆಗಿದ್ದಾಗ ಒಂದು ಕಾಫಿ ಕುಡಿದು ಒಂದು ಗಂಟೆ ಕೂರುವ ಮುದುಕರೊಬ್ಬರು ಬರುತ್ತಿದ್ದರು. ಸ್ಟ್ಯಾಂಡರ್ಡ್ ಮೋಟಾರಿನಲ್ಲಿ ಫಿಟ್ಟರಾಗಿದ್ದವರು. ಈ ಹುಚ್ಚು ಹಿಡಿಸಿದವರು ಅವರೇ.

1948ರಲ್ಲಿ ಮದರಾಸಿನ ಯೂನಿಯನ್ ಕಂಪನಿಯೂ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯೂ ಕೂಡಿ ವಂಡಲೂರಿನ ಬಳಿ ಈ ಕಾರ್ಖಾನೆ ಹೂಡಿದವು. ಮೊದಲು ವ್ಯಾನ್‌ಗಾರ್ಡ್, ಆಮೇಲೆ ಸಣ್ಣ ಕಾರುಗಳು, 1961ರಲ್ಲಿ ಹೆರಾಲ್ಡ್, 1972ರಲ್ಲಿ ಗೆಜೆಲ್. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡು ಸಮೇತ ಮುಂದಕ್ಕೆ ಬಾಗಿ ತೆರೆಯುತ್ತಿತ್ತು. ಚಕ್ರದ ಮೇಲೆ ಕುಳಿತೇ ಎಂಜಿನ್ ಬಿಚ್ಚಬಹುದಿತ್ತು ಎಂದು ಮುದುಕರು ಹೇಳುವಾಗ ಅವರ ಕೈಬೆರಳೂ ತಿರುಗುತ್ತಿತ್ತು.

1983ರಲ್ಲಿ ಮಾರುತಿ ಬಂತು, ಸಣ್ಣದು, ಅಗ್ಗದ್ದು. ಇವರು 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ದೊಡ್ಡ, ದುಬಾರಿ ಕಾರು ಇಳಿಸಿದರು. ಮೈ ರೋವರಿನದು, ಎಂಜಿನ್ ಮಾತ್ರ ಹಳೆಯ ವ್ಯಾನ್‌ಗಾರ್ಡ್ ವಂಶದ್ದು. ನಿನ್ನೆಯ ಹುಳಿಹಿಟ್ಟಿಗೆ ತುಪ್ಪ ಸುರಿದು ಸ್ಪೆಷಲ್ ದೋಸೆ ಎಂದರೆ ಗಿರಾಕಿ ಎಷ್ಟು ದಿನ ತಿಂದಾನು? 1988ರಲ್ಲಿ ಕಾರು ಹೊರಬರುವುದು ನಿಂತಿತು.

ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿ ಕಾರ್ಲ್ ಬೋರ್ಗ್‌ವಾರ್ಡ್ ಎಂಬ ಧಣಿ. ಯುದ್ಧದಲ್ಲಿ ಹಾಳಾದ ದೇಶದಲ್ಲಿ ಉಕ್ಕಿಲ್ಲವೆಂದು 1950ರಲ್ಲಿ ಪ್ಲೈವುಡ್ಡಿನ ಮೈಗೆ ಚರ್ಮದಂಥ ಬಟ್ಟೆ ಅಂಟಿಸಿ ಲಾಯ್ಡ್ ಕಾರು ಮಾಡಿಸಿದವನು. 1954ರ ಇಸಬೆಲ್ಲಾ ಕಾರು 2 ಲಕ್ಷಕ್ಕೂ ಮೇಲೆ ಹೋಯಿತು. ಆದರೆ ಬೋರ್ಗ್‌ವಾರ್ಡ್, ಗೋಲಿಯಾತ್, ಲಾಯ್ಡ್ ಎಂದು ಒಬ್ಬನದೇ ಮೂರು ಕಂಪನಿ, ಮೂರು ಅಡಿಗೆಮನೆ. ಸಾಮಾನು ಖರೀದಿಯೂ ಬೇರೆ ಬೇರೆ. 1961ರಲ್ಲಿ ಕೈಯಲ್ಲಿ ಹಣ ಆಡದೆ ಹೋದಾಗ ಬ್ರೆಮೆನ್ ಸರಕಾರ ಕಂಪನಿಯನ್ನು ವಹಿಸಿಕೊಂಡಿತು. ಉಸ್ತುವಾರಿಗೆ ನೇಮಿಸಿದ ಮನುಷ್ಯ ಎದುರಾಳಿ ಬಿಎಂಡಬ್ಲ್ಯೂ ಕಂಪನಿಯ ಮಂಡಲಿಯಲ್ಲೂ ಇದ್ದ! ಅದೇ ವರ್ಷ ದಿವಾಳಿ. ಸುಮಾರು 20,000 ಜನರ ಕೆಲಸದ ಕಾರ್ಖಾನೆ. ಧಣಿ 1963ರಲ್ಲಿ ತೀರಿಕೊಂಡ. ಕೊನೆಗೆ ಲೆಕ್ಕ ಮುಗಿಸಿ ನೋಡಿದರೆ ಸಾಲಗಾರರಿಗೆಲ್ಲ ಪೂರ್ತಿ ಹಣ ಸಂದಿತ್ತು. ಹಾಗಾದರೆ ಅದು ದಿವಾಳಿಯೇ? ಅಲ್ಲಿಯವರು ಇನ್ನೂ ವಾದಿಸುತ್ತಾರೆ. ಸಾಲಗಾರನ ಬಳಿ ಪತ್ರವಿತ್ತು, ಅವನಿಗೆ ಸಿಕ್ಕಿತು, ನನಗೆ ಹೊಳೆಯುವುದು ಇಷ್ಟೇ.

ಪೆರಂಬೂರಿನ ಬಿ ಅಂಡ್ ಸಿ ಗಿರಣಿಯ ಅಣ್ಣಂದಿರಿಗೆ ಇದನ್ನು ವಿವರಿಸಬೇಕಿಲ್ಲ. 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು ಆ ಗಿರಣಿಯವರಿಂದ; 1996ರಲ್ಲಿ ಗಿರಣಿ ಮುಚ್ಚಿದಾಗ ಹೋರಾಡಲು ಅವರಿಗೆ ಹಾಜರಿ ಪುಸ್ತಕ, ಸಂಬಳದ ಚೀಟಿಯಾದರೂ ಇದ್ದವು.

ನಮಗೆ? 1972ರ ಗ್ರಾಚ್ಯುಟಿ ಕಾನೂನು 10 ಜನರಿದ್ದ ಹೋಟೆಲಿಗೂ ಅನ್ವಯವಾಗಿತ್ತು: ಐದು ವರ್ಷ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳ. 2020ರಲ್ಲಿ ನನ್ನ ಹೋಟೆಲು ಮುಚ್ಚಿತು. ಹನ್ನೊಂದು ವರ್ಷ ದುಡಿದಿದ್ದೆ. ಕೇಳಲು ಹೋದರೆ ರಿಜಿಸ್ಟರಿನಲ್ಲಿ ನನ್ನ ಹೆಸರೇ ಇಲ್ಲ! ಊರಿಗೆ ಬರಿಗೈಯಲ್ಲಿ ಹೋದೆ. ಅಮ್ಮ ಏನೂ ಕೇಳಲಿಲ್ಲ.

ಬಾಗಿಲ ಬಳಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೆಲಸಕ್ಕೆ ಸೇರಿದ ದಿನ, ಸಂಬಳ, ಜೊತೆಗಿದ್ದ ಇಬ್ಬರ ಹೆಸರು ಬರೆದು ಹೋಗಿ. ಬರೆಯಲು ಬಾರದವರು ನನ್ನಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.